ಎಣ್ಣೆಯ ಲೆಕ್ಕ, ಯಂತ್ರದ ಹೊರೆ

ರೋಹಿಣಿ ಮಳೆಯ ನಿರೀಕ್ಷೆಯಲ್ಲಿ ಬೀದರ್ ಜಿಲ್ಲೆಯ ಮುಡಬಿಯ ಸುತ್ತಣ ಎರೆಭೂಮಿಯು ಬಿರುಕುಬಿಟ್ಟು ಬಾಯ್ದೆರೆದಿರುವ ದಿನಗಳಲ್ಲಿ, ಬಸವಕಲ್ಯಾಣದ ಕಡೆಗೂ ಹುಮನಾಬಾದಿನ ಕಡೆಗೂ ಹೋಗುವ ದಾರಿಗಳ ಇಕ್ಕೆಲದ ಹೊಲಗಳಿಂದ ಹಗಲಿರುಳೆನ್ನದೆ ಕೇಳಿಬರುವ ಧ್ವನಿಯೆಂದರೆ ಡೀಸೆಲ್ ಇಂಜಿನ್ನಿನ ಧ್ವನಿ. ತೊಗರಿ, ಸೋಯಾಬೀನ್, ಉದ್ದು, ಹೆಸರುಗಳ ಬಿತ್ತನೆಗೆ ನೆಲವನ್ನು ಅಣಿಗೊಳಿಸುವ ಟ್ರ್ಯಾಕ್ಟರು, ಕರೆಂಟು ಇಲ್ಲದ ಹೊತ್ತಿನಲ್ಲಿ ಬಾವಿಯ ನೀರನ್ನು ಮೇಲೆತ್ತುವ ಪಂಪು, ಸುಗ್ಗಿಯಲ್ಲಿ ರಾಶಿ ಮಾಡುವ ಯಂತ್ರ, ಚಳಿಗಾಲದಲ್ಲಿ ಎರಡೆರಡು ಟ್ರಾಲಿ ಕಬ್ಬನ್ನು ಎಳೆದುಕೊಂಡು ಸಕ್ಕರೆ ಕಾರ್ಖಾನೆಯ ದಾರಿ ಹಿಡಿಯುವ ಅದೇ ಟ್ರ್ಯಾಕ್ಟರು, ಇವೆಲ್ಲವೂ ಒಂದೇ ಇಂಧನವನ್ನು ಉಂಡು ದುಡಿಯತಕ್ಕವು. ಲೀಟರಿಗೆ ತೊಂಬತ್ತು ರೂಪಾಯಿಯ ಆಸುಪಾಸಿನಲ್ಲಿರುವ ಈ ಇಂಧನವು ಬೀಜ ಗೊಬ್ಬರಗಳಂತೆಯೇ ಬೇಸಾಯದ ದೊಡ್ಡ ಖರ್ಚಾಗಿ ಪರಿಣಮಿಸಿರುವಾಗ, ಅದರ ಲೆಕ್ಕವನ್ನು ಮಾತ್ರ ನಾವು ಇಂದಿಗೂ ಅಂದಾಜಿನ ಮೇಲೆಯೇ ಬಿಟ್ಟಿದ್ದೇವೆ.

"ಎಣ್ಣಿ ಎಷ್ಟು ತಿಂತದ?" ಎಂದು ಟ್ರ್ಯಾಕ್ಟರ್ ಕೊಳ್ಳಹೊರಟವನು ಕೊಂಡವನನ್ನು ಕೇಳುತ್ತಾನೆ, "ತಾಸಿಗೆ ನಾಕು ಲೀಟರ್ ಹಿಡೀರಿ" ಎಂಬ ಉತ್ತರ ದೊರೆಯುತ್ತದೆ. ಆ ನಾಲ್ಕು ಲೀಟರು ಯಾವ ಕೆಲಸಕ್ಕೆ, ಎಂಥ ನೆಲದಲ್ಲಿ, ಯಾವ ಗೇರಿನಲ್ಲಿ, ಎಷ್ಟು ಆಳದ ರೆಂಟೆಗೆ ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಯಂತ್ರವು ಹೊತ್ತ ಹೊರೆಯನ್ನು ಹೇಳದೆ ಅದು ಉಂಡ ಎಣ್ಣೆಯನ್ನು ಮಾತ್ರ ಹೇಳುವುದು ಅರ್ಧ ಲೆಕ್ಕ. ಆ ಅರ್ಧ ಲೆಕ್ಕದಿಂದ ನಷ್ಟಕ್ಕೊಳಗಾಗುವವನು ಬಹುಮಟ್ಟಿಗೆ ಸ್ವಂತ ಟ್ರ್ಯಾಕ್ಟರು ಇಲ್ಲದೆ ಬಾಡಿಗೆ ಕೊಟ್ಟು ಉಳುಮೆ ಮಾಡಿಸುವ ಸಣ್ಣ ಹಿಡುವಳಿದಾರನೇ ಹೊರತು ಟ್ರ್ಯಾಕ್ಟರಿನ ಒಡೆಯನಲ್ಲ ಎಂಬುದನ್ನು ಈ ಲೇಖನದಲ್ಲಿ ನಿರೂಪಿಸಬೇಕೆಂದಿದ್ದೇನೆ.

ಮೊದಲು ಇಂಧನದ ಸ್ವರೂಪವನ್ನು ತಿಳಿಯೋಣ. ಒಂದು ಲೀಟರ್ ಡೀಸೆಲಿನಲ್ಲಿ ಅಡಗಿರುವ ಉಷ್ಣವು ಸುಮಾರು ಹತ್ತು ಯೂನಿಟ್ ವಿದ್ಯುತ್ತಿಗೆ ಸಮನಾದುದು. ಆ ಹತ್ತರಲ್ಲಿ ಕೆಲಸಕ್ಕೆ ಒದಗುವುದು ಒಳ್ಳೆಯ ಸ್ಥಿತಿಯ ಇಂಜಿನ್ನಿನಲ್ಲಿಯೂ ಮೂರು, ಹೆಚ್ಚೆಂದರೆ ಮೂರೂವರೆ ಯೂನಿಟ್. ಉಳಿದದ್ದು ಹೊಗೆಯ ಕೊಳವೆಯ ಮೂಲಕವೂ ರೇಡಿಯೇಟರಿನ ಮೂಲಕವೂ ಗಾಳಿಯ ಪಾಲಾಗುತ್ತದೆ. ಈ ವಿಷಯದಲ್ಲಿ ಯಂತ್ರವನ್ನು ನಿಂದಿಸುವಂತಿಲ್ಲ. 1897ರ ಫೆಬ್ರವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡೋಲ್ಫ್ ಡೀಸೆಲನ ಇಂಜಿನ್ನನ್ನು ಪ್ರಾಧ್ಯಾಪಕ ಶ್ರೋಟರ್ ಪರೀಕ್ಷಿಸಿದಾಗ ಇಂಧನದ ಶಕ್ತಿಯಲ್ಲಿ ಶೇಕಡಾ 26ರಷ್ಟು ಕೆಲಸವಾಗಿ ಪರಿವರ್ತನೆಯಾದುದನ್ನು ಕಂಡು, ಬಹುಮಟ್ಟಿಗೆ ಉಗಿಯಂತ್ರವನ್ನೇ ಬಲ್ಲ ಅಂದಿನ ಪ್ರಪಂಚವು ಆಶ್ಚರ್ಯಗೊಂಡಿತು. ಅಂದಿನಿಂದ ಇಂದಿನವರೆಗೆ ಹೊಲದ ಇಂಜಿನ್ನು ಸಾಧಿಸಿರುವ ಪ್ರಗತಿ ಅದರ ಮೇಲೆ ಒಂದಿಷ್ಟು ಮಾತ್ರವೇ ಆಗಿದೆ. ಆ ಪರೀಕ್ಷೆಯಲ್ಲಿ ನಮ್ಮ ಗಮನ ಸೆಳೆಯಬೇಕಾದ ಅಂಶ ಮತ್ತೊಂದುಂಟು: ಹೊಸ ಯಂತ್ರವು ಲೋಕಕ್ಕೆ ಪರಿಚಯವಾದದ್ದು ತಯಾರಕನ ಮಾತಿನಿಂದಲ್ಲ, ಹೊರೆಯನ್ನೂ ಇಂಧನವನ್ನೂ ಒಟ್ಟಿಗೆ ಅಳೆದ ತಟಸ್ಥ ಪರೀಕ್ಷಕನ ವರದಿಯಿಂದ.

ಈ ಲೆಕ್ಕದಿಂದ ರೈತನು ನೆನಪಿನಲ್ಲಿಡಬಹುದಾದ ಒಂದು ಸುಲಭ ಸೂತ್ರ ದೊರೆಯುತ್ತದೆ. ಇಂಜಿನ್ನು ಯಥೋಚಿತವಾದ ಹೊರೆಯಲ್ಲಿ ದುಡಿಯುತ್ತಿರುವಾಗ, ತಾಸಿಗೆ ಒಂದು ಲೀಟರ್ ಎಣ್ಣೆ ಎಂದರೆ ನಾಲ್ಕರಿಂದ ಐದು ಅಶ್ವಶಕ್ತಿ. 45 ಅಶ್ವಶಕ್ತಿಯದೆಂದು ಮಾರಿದ ಟ್ರ್ಯಾಕ್ಟರು ತನ್ನ ಪೂರ್ಣ ಬಲವನ್ನು ಒಂದು ತಾಸು ನಿಜವಾಗಿ ಉಪಯೋಗಿಸಿದರೆ ಹತ್ತು ಲೀಟರಿನಷ್ಟು ಎಣ್ಣೆ ಸುಡಲೇಬೇಕು. ಅದು ನಾಲ್ಕೇ ಲೀಟರನ್ನು ಸುಟ್ಟಿತೆಂದರೆ, ಅದರ ಮಿತವ್ಯಯವನ್ನು ಹೊಗಳುವುದಕ್ಕೆ ಮುನ್ನ, ಆ ತಾಸಿನಲ್ಲಿ ಅದು ಇಪ್ಪತ್ತು ಅಶ್ವಶಕ್ತಿಗೆ ಮೀರಿದ ಕೆಲಸವನ್ನು ಮಾಡಲಿಲ್ಲವೆಂದು ತಿಳಿಯತಕ್ಕದ್ದು. ಎಣ್ಣೆಯು ಇಲ್ಲಿ ಕೆಲಸಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಈ ಸಾಕ್ಷಿಯ ಬೆಲೆ ಎಂಥದೆಂಬುದು ಬಾಡಿಗೆಯ ಉಳುಮೆಯಲ್ಲಿ ಸ್ಪಷ್ಟವಾಗುತ್ತದೆ. ನಮ್ಮ ಭಾಗದಲ್ಲಿ ಟ್ರ್ಯಾಕ್ಟರಿನ ಬಾಡಿಗೆ ತಾಸಿನ ಲೆಕ್ಕದಲ್ಲಿಯೋ ಎಕರೆಯ ಲೆಕ್ಕದಲ್ಲಿಯೋ ನಿಶ್ಚಯವಾಗುತ್ತದೆ. ತಾಸಿನ ಲೆಕ್ಕವಾದರೆ ನಿಧಾನವೇ ಒಡೆಯನಿಗೆ ಲಾಭ. ಎಕರೆಯ ಲೆಕ್ಕವಾದರೆ ನೇಗಿಲನ್ನು ಮೇಲಕ್ಕೆತ್ತಿ ಓಡಿಸುವುದೇ ಲಾಭ. ಎಲ್ಲರೂ ಹೀಗೆಯೇ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ನಿಷ್ಠೆಯಿಂದ ದುಡಿಯುವ ಚಾಲಕರು ಊರೂರಿಗೂ ಇದ್ದಾರೆ. ಆದರೆ ವ್ಯವಹಾರದ ಕಟ್ಟಳೆಯೇ ಮನುಷ್ಯನನ್ನು ಓರೆದಾರಿಗೆ ಎಳೆಯುವಂತಿದ್ದರೆ, ನಿಷ್ಠಾವಂತನಿಗೇ ಅದರಿಂದ ಮೊದಲ ಪೆಟ್ಟು ಬೀಳುತ್ತದೆ. ಒಂದು ಎಕರೆ ನೆಲವನ್ನು 20 ಸೆಂಟಿಮೀಟರ್ ಆಳಕ್ಕೆ, ಅಂದರೆ ಗೇಣಿಗೆ ತುಸು ಕಡಿಮೆಯಾಗಿ, ಪಲ್ಟಿ ಹೊಡೆದರೆ ಮಗುಚಿ ಬೀಳುವ ಮಣ್ಣು ಎಂಟುನೂರು ಘನಮೀಟರಿಗೂ ಹೆಚ್ಚು. ತೂಕದಲ್ಲಿ ಸಾವಿರ ಟನ್ನಿನ ಮೇಲೆ. ಒಣಗಿ ಗಟ್ಟಿಯಾದ ಎರೆಮಣ್ಣು ನೇಗಿಲಿಗೆ ಒಡ್ಡುವ ಪ್ರತಿರೋಧವನ್ನೂ, ಗಾಲಿ ಜಾರುವುದರಿಂದಾಗುವ ನಷ್ಟವನ್ನೂ ಸೇರಿಸಿ ಗಣಿಸಿದರೆ ಆ ಕೆಲಸಕ್ಕೆ ಒಂಬತ್ತು ಹತ್ತು ಲೀಟರ್ ಎಣ್ಣೆ ಬೇಕೆಂಬ ಫಲಿತಾಂಶ ಬರುತ್ತದೆ. ಅದೇ ಎಕರೆಯನ್ನು ನಾಲ್ಕು ಲೀಟರಿನಲ್ಲಿ ಮುಗಿಸಿದೆವೆಂದು ಯಾರಾದರೂ ಹೇಳಿದರೆ, ಅದು ಇಂಜಿನ್ನಿನ ಗುಣವಲ್ಲ, ನೆಲವನ್ನು ಕೆರೆದು ಬಿಟ್ಟದ್ದರ ಲಕ್ಷಣ. ಆಳವು ಕಣ್ಣಿಗೆ ಬೀಳುವುದು ಮಳೆ ಬಿದ್ದ ಮೇಲೆ, ನೀರು ಇಂಗದೆ ಹರಿದುಹೋದ ಮೇಲೆ. ಎಣ್ಣೆಯ ಲೆಕ್ಕವಾದರೋ ಅದೇ ಸಂಜೆ ಹೊಲದ ಬದುವಿನ ಮೇಲೆಯೇ ದೊರೆಯತಕ್ಕದ್ದು.

ಆದರೆ ಇಲ್ಲೊಂದು ತೊಡಕುಂಟು. ಎಣ್ಣೆ ಹೆಚ್ಚು ಸುಟ್ಟಿತೆಂಬುದರಿಂದಲೇ ಕೆಲಸ ಹೆಚ್ಚಾಯಿತೆಂದು ಹೇಳಲಾಗದು. ಧೂಳಿನಿಂದ ತುಂಬಿದ ಏರ್ ಕ್ಲೀನರು, ಸವೆದ ನಾಝಲ್ಲು, ಹೊಗೆ ಉಗುಳುವಂತೆ ಸ್ಕ್ರೂ ತಿರುವಿ ಎಣ್ಣೆ ಹೆಚ್ಚಿಸಿದ ಇಂಧನದ ಪಂಪು, ಇವೆಲ್ಲವೂ ಕೆಲಸವಿಲ್ಲದೆ ಇಂಧನವನ್ನು ನುಂಗುತ್ತವೆ. ಕಬ್ಬಿನ ಕಾಲದಲ್ಲಿ ಭಾರದ ಟ್ರಾಲಿಗಳನ್ನು ಏರಿನಲ್ಲಿ ಎಳೆಯಲೆಂದು ಪಂಪಿನ ಸೀಲು ಒಡೆದು ಎಣ್ಣೆ ಹೆಚ್ಚಿಸುವ ಪದ್ಧತಿಯನ್ನು ಬಲ್ಲವರು ಬಲ್ಲರು. ಆ ಕರಿಹೊಗೆಯು ಸುಡದೆ ಉಳಿದ ಇಂಧನವೇ ಹೊರತು ಬಲದ ಚಿಹ್ನೆಯಲ್ಲ. ಇನ್ನು ಜಾರುವ ಗಾಲಿ. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ನೇಗಿಲನ್ನು ಎತ್ತಿಕೊಂಡು ಹತ್ತು ಸುತ್ತಿಗೆ ಟ್ರ್ಯಾಕ್ಟರು ಎಷ್ಟು ದೂರ ಸಾಗುತ್ತದೆಂದು ಒಮ್ಮೆ ಅಳೆದು, ನೇಗಿಲನ್ನು ನೆಲಕ್ಕಿಳಿಸಿ ಮತ್ತೊಮ್ಮೆ ಅಳೆಯಬೇಕು; ಮೊದಲು 40 ಮೀಟರು ಬಂದದ್ದು ಈಗ 34ಕ್ಕೆ ಇಳಿದರೆ, ಜಾರಿಕೆ ಶೇಕಡಾ 15. ಅದು ಸಹ್ಯವಾದ ಮಿತಿ. ಅದಕ್ಕಿಂತ ಮೀರಿದರೆ ಎಣ್ಣೆಯೂ ಟೈರೂ ವ್ಯರ್ಥವಾಗಿ ಸವೆಯುತ್ತಿವೆಯೆಂದು ತಿಳಿದು, ಗಾಲಿಗೆ ತೂಕ ಕೂಡಿಸುವುದೋ ಹಸಿ ಆರುವವರೆಗೆ ಕಾಯುವುದೋ ಮಾಡಬೇಕು.

ಆದುದರಿಂದ ಎಣ್ಣೆ ಮತ್ತು ಹೊರೆ ಎರಡನ್ನೂ ಒಟ್ಟಿಗೆ ಅರಿಯದ ಹೊರತು ಯಾವುದೊಂದರ ಅರಿವೂ ಪ್ರಯೋಜನಕ್ಕೆ ಬಾರದು. ಇದನ್ನು ಚೆನ್ನಾಗಿ ಅರಿತವರು ಕಡಲಿನ ಜನ. ಡೀಸೆಲ್ ಇಂಜಿನ್ನಿನಿಂದ ನಡೆಯುವ ವಿಹಾರನೌಕೆಯ ಒಡೆಯನಾಗಲಿ, ನಮ್ಮದೇ ಮಲ್ಪೆ ಮಂಗಳೂರುಗಳ ಬಂದರಿನಿಂದ ದಿನಗಟ್ಟಲೆ ಕಡಲಿಗಿಳಿಯುವ ಟ್ರಾಲ್ ಬೋಟಿನ ತಾಂಡೇಲನಾಗಲಿ, ಇಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದರೆ ತಾಸಿಗೆ ಎಷ್ಟು ಲೀಟರ್ ಹೋಗುತ್ತದೆಂಬುದನ್ನು ತಿಳಿಯದೆ ದಡ ಬಿಡಲಾರನು. ನಡುಗಡಲಿನಲ್ಲಿ ಪೆಟ್ರೋಲ್ ಬಂಕು ಇರುವುದಿಲ್ಲ. ಅವರಿಗೆ ನೀರಿನ ನಿಯಮವೇ ನೆರವಾಗುತ್ತದೆ. ದೋಣಿಯ ಪ್ರೊಪೆಲರು ಬೇಡುವ ಬಲವು ಸುತ್ತಿನ ವೇಗದ ಘನವನ್ನು ಸರಿಸುಮಾರಾಗಿ ಅನುಸರಿಸಿ ಏರಿಳಿಯುತ್ತದೆ: ಸುತ್ತನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಹೊರೆಯು ನೂರರಿಂದ ಐವತ್ತೊಂದಕ್ಕೆ ಇಳಿಯುತ್ತದೆ. ಹೀಗಾಗಿ ತುಸು ನಿಧಾನವಾಗಿ ಸಾಗುವ ದೋಣಿಗೆ ಬಹಳ ಎಣ್ಣೆ ಉಳಿಯುತ್ತದೆ. ಸುತ್ತಿನ ಮೀಟರನ್ನು ನೋಡಿಯೇ ಹೊರೆಯನ್ನು ಊಹಿಸಬಹುದು. ಹೊಲದಲ್ಲಿ ಇಂಥ ನಿಯಮವಿಲ್ಲ. ಅದೇ ಸುತ್ತು, ಅದೇ ಗೇರು ಇದ್ದರೂ ಎರೆಯಲ್ಲಿ ಒಂದು ಹೊರೆ, ಹುಮನಾಬಾದಿನ ಕಡೆಯ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಬೇರೊಂದು, ಒಂದೇ ಹೊಲದ ತಗ್ಗಿನಲ್ಲಿ ಮತ್ತೊಂದು. ಸಮುದ್ರದವನಿಗೆ ಅಳತೆಯ ಅವಶ್ಯಕತೆ ಎಷ್ಟಿದೆಯೋ ನೆಲದವನಿಗೆ ಅದಕ್ಕಿಂತ ಹೆಚ್ಚು ಇದೆ. ಆದರೆ ಅಳೆಯುವ ಅಭ್ಯಾಸವು ಬೆಳೆದದ್ದು ಅಲ್ಲಿ.

ಹೊಲದಲ್ಲಿ ಹೊರೆಯನ್ನು ಅಳೆಯುವ ದಾರಿಗಳು ಇಲ್ಲದಿಲ್ಲ. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಬಿಗಿಯಾದ ನಿಯಮ ಜಾರಿಗೆ ಬಂದ ಮೇಲೆ, ಅವುಗಳಲ್ಲಿ ಎಣ್ಣೆಯನ್ನು ಎಲೆಕ್ಟ್ರಾನಿಕ್ ನಿಯಂತ್ರಣದಿಂದ ಸಿಡಿಸುವ ಇಂಜಿನ್ನುಗಳು ಬಂದಿವೆ. ಇಂಥ ಇಂಜಿನ್ನು ಎಷ್ಟು ಎಣ್ಣೆ ಸಿಡಿಸಿತೆಂಬುದನ್ನು ತಾನೇ ಬಲ್ಲದು. ಹೊರೆಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸಬಲ್ಲುದು. ಆದರೆ ಆ ಅಂಕೆಯನ್ನು ಓದುವಾಗ ಎಚ್ಚರ ಬೇಕು. ಹೊರೆ ಶೇಕಡಾ 80 ಎಂದರೆ ಬಹುತೇಕವಾಗಿ, ಆ ಕ್ಷಣದ ಸುತ್ತಿನಲ್ಲಿ ಇಂಜಿನ್ನು ಕೊಡಬಲ್ಲ ಗರಿಷ್ಠ ತಿರುಚುಬಲದ ಶೇಕಡಾ 80 ಎಂದೇ ಅರ್ಥ, ಕಾಗದದ ಮೇಲೆ ಬರೆದ ಅಶ್ವಶಕ್ತಿಯ ಶೇಕಡಾ 80 ಅಲ್ಲ. ಮುಡಬಿಯ ಹೊಲಗಳಲ್ಲಿ ದುಡಿಯುವ ಹಳೆಯ ಟ್ರ್ಯಾಕ್ಟರುಗಳಿಗೆ ಈ ಸೌಕರ್ಯವಿಲ್ಲದಿದ್ದರೂ ಗವರ್ನರ್ ಎಂಬ ಸಾಧನವು ಅದೇ ಸಂಗತಿಯನ್ನು ಬೇರೆ ಬಗೆಯಲ್ಲಿ ತಿಳಿಸುತ್ತದೆ. ಕೈ ರೇಸನ್ನು ಒಂದು ಸ್ಥಾನದಲ್ಲಿ ನಿಲ್ಲಿಸಿದ ಮೇಲೆ, ಹೊರೆ ಬಂದಂತೆಲ್ಲ ಸುತ್ತು ಸ್ವಲ್ಪಸ್ವಲ್ಪವಾಗಿ ಇಳಿಯುವುದು ಗವರ್ನರಿನ ಸ್ವಭಾವ. ಪೂರ್ಣ ರೇಸಿನಲ್ಲಿ ಖಾಲಿ ಓಟದ ಸುತ್ತು 2,300, ಪೂರ್ಣ ಹೊರೆಯ ಸುತ್ತು 2,100 ಎಂದಿಟ್ಟುಕೊಂಡರೆ, ಕೆಲಸದ ನಡುವೆ ಮುಳ್ಳು 2,250ರಲ್ಲಿ ನಿಂತಾಗ ಇಂಜಿನ್ನಿನ ಮೇಲೆ ಕಾಲುಭಾಗದ ಹೊರೆ ಮಾತ್ರ ಇದೆ. 2,100ಕ್ಕಿಂತ ಕೆಳಗೆ ಜಗ್ಗಿದರೆ ಮಿತಿ ಮೀರಿದೆ. ಸುತ್ತಿನ ಮೀಟರು ಕೆಟ್ಟಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳುವುದು, ಹಾಡಿನ ಪೆಟ್ಟಿಗೆ ಕೂಡಿಸುವುದಕ್ಕಿಂತ ಮುಖ್ಯವಾದ ಖರ್ಚು.

ಹೊರೆಯ ಕೊರತೆಯೂ ದೋಷವೇ ಎಂಬುದನ್ನು ಬಹಳ ಜನ ಒಪ್ಪುವುದಿಲ್ಲ. ದೊಡ್ಡ ಇಂಜಿನ್ನನ್ನು ಹಗುರ ಕೆಲಸಕ್ಕೆ ಪೂರ್ಣ ರೇಸಿನಲ್ಲಿ ಓಡಿಸಿದಾಗ, ತನ್ನ ಸ್ವಂತ ಘರ್ಷಣೆಯನ್ನು ಜಯಿಸುವುದಕ್ಕೇ ಅದು ಗಣನೀಯವಾದ ಎಣ್ಣೆಯನ್ನು ವ್ಯಯಿಸುತ್ತದೆ. ಬಹುಕಾಲ ಹೀಗೆ ಓಡಿದರೆ ಸಿಲಿಂಡರು ಸಾಕಷ್ಟು ಬಿಸಿಯಾಗದೆ ಮಸಿ ಕಟ್ಟುತ್ತದೆ. ಕುಂಟೆ ಹೊಡೆಯುವಾಗ, ನೀರಿನ ಟ್ಯಾಂಕರ್ ಎಳೆಯುವಾಗ ಒಂದು ಗೇರು ಮೇಲಕ್ಕೇರಿಸಿ ರೇಸನ್ನು ಇಳಿಸಿದರೆ ಅದೇ ವೇಗದಲ್ಲಿ ಅದೇ ಕೆಲಸವಾಗಿ, ಐದನೆಯ ಒಂದು ಪಾಲಿನವರೆಗೂ ಎಣ್ಣೆ ಉಳಿಯುವುದುಂಟು. ರೋಟಾವೇಟರಿನಂತೆ, ಉಪಕರಣಕ್ಕೆ ಬಲ ಕೊಡುವ ಪಿಟಿಓ ದಂಡವು ನಿಮಿಷಕ್ಕೆ 540 ಸುತ್ತು ತಿರುಗಲೇಬೇಕಾದ ಕೆಲಸಕ್ಕೆ ಮಾತ್ರ ಈ ಉಪಾಯ ಸಲ್ಲದು. ನಾಲ್ಕಾರು ಎಕರೆಯ ಹಿಡುವಳಿಗೆ ನೆರೆಯವನ ಮೇಲಿನ ಪಂತದಿಂದ 55 ಅಶ್ವಶಕ್ತಿಯ ಟ್ರ್ಯಾಕ್ಟರನ್ನು ಸಾಲದ ಮೇಲೆ ತಂದವನು ಸಾಲದ ಕಂತಿನ ಜೊತೆಗೆ ಈ ನಿರರ್ಥಕ ಘರ್ಷಣೆಯ ಕಂತನ್ನೂ ದಿನವೂ ಕಟ್ಟುತ್ತಿರುತ್ತಾನೆ. ಇದನ್ನು ನೋಡಿದಾಗ ನನಗೆ ಖೇದವಾಗುತ್ತದೆ.

ಬಾವಿಯ ಇಂಜಿನ್ನಿನ ಲೆಕ್ಕ ಇನ್ನೂ ಸರಳ. ಹತ್ತು ಮೀಟರ್ ಆಳದ ನೀರನ್ನೆತ್ತಲು ಒಂದು ಅಶ್ವಶಕ್ತಿಯು ತಾಸಿಗೆ 27,000 ಲೀಟರ್ ನೀರಿಗೆ ಸಾಕು. ಒಂದು ಲೀಟರ್ ಎಣ್ಣೆಯಿಂದ ನಾಲ್ಕು ಅಶ್ವಶಕ್ತಿ ದೊರೆತು, ಪಂಪು ಅದರ ಅರ್ಧವನ್ನು ನೀರಿಗೆ ಮುಟ್ಟಿಸಿತೆಂದರೆ 54,000 ಲೀಟರ್ ನೀರು ಮೇಲೆ ಬರಬೇಕು; ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಎರಡು ಲೀಟರ್ ಎಣ್ಣೆ ಸಾಕಾಗಬೇಕು. ನಾಲ್ಕು ಲೀಟರ್ ಹೋಗುತ್ತಿದ್ದರೆ ಫುಟ್‌ವಾಲ್ವನ್ನೂ ಇಕ್ಕಟ್ಟಾದ ಪೈಪನ್ನೂ ಅನಾವಶ್ಯಕ ಬಾಗುಗಳನ್ನೂ ಮೊದಲು ಸಂಶಯಿಸಬೇಕು. ಬಾವಿಯ ಇಂಜಿನ್ನು ನಮಗೆ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1903ರಲ್ಲಿ ಕಬ್ಬಿಣದ ನೇಗಿಲನ್ನು ಮಾಡಿದರು. ಅದೇ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ನಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮುಕ್ಕಾಲು ಶತಮಾನದಿಂದ ಡೀಸೆಲ್ ಇಂಜಿನ್ನು ನಮ್ಮ ಬಾವಿಗಳ ಬಳಿಯಲ್ಲಿದೆ; ಒಂದು ಲೀಟರಿಗೆ ಎಷ್ಟು ನೀರು ಬರತಕ್ಕದ್ದೆಂಬ ಅಂಕೆಯು ಮಾತ್ರ ಬಾವಿಯವರೆಗೆ ಬಂದಿಲ್ಲ. ಎಣ್ಣೆಯ ಪೈಪಿನಿಂದ ಕ್ಷಣಕ್ಕೊಂದು ಹನಿ ಸೋರಿದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ನೆಲದ ಪಾಲಾಗುತ್ತದೆಂಬುದು ಯಾರೂ ಸ್ವತಃ ಲೆಕ್ಕ ಹಾಕಿ ನೋಡಬಹುದಾದ ಸಂಗತಿ.

ರಾಜ್ಯ ಸರ್ಕಾರವು ಸುಮ್ಮನೆ ಕುಳಿತಿಲ್ಲವೆಂಬುದನ್ನು ಒಪ್ಪಬೇಕು. 2022-23ರ ಆಯವ್ಯಯದಲ್ಲಿ ಘೋಷಿಸಿದ ರೈತ ಶಕ್ತಿ ಯೋಜನೆಯಂತೆ ಎಕರೆಗೆ 250 ರೂಪಾಯಿ, ಐದು ಎಕರೆಗೆ ಮೀರದಂತೆ 1,250 ರೂಪಾಯಿ ಡೀಸೆಲಿನ ಸಹಾಯಧನವೆಂದು ನಿಶ್ಚಯವಾಯಿತು. ಕಷ್ಟದಲ್ಲಿರುವವನಿಗೆ ಆ ಹಣ ಬೇಡವೆನ್ನಲಾರೆ. ಆದರೆ ಇಂದಿನ ದರದಲ್ಲಿ 250 ರೂಪಾಯಿಗೆ ಮೂರು ಲೀಟರೂ ಬರುವುದಿಲ್ಲ. ಒಂದು ಎಕರೆಯ ಪಲ್ಟಿಗೆ ಬೇಕಾದುದರಲ್ಲಿ ಮೂರನೆಯ ಒಂದು ಪಾಲು. ಸವೆದ ನಾಝಲ್ಲು, ಜಾರುವ ಗಾಲಿ, ತಪ್ಪು ಗೇರು ಈ ಮೂರೂ ಕೂಡಿದ ಟ್ರ್ಯಾಕ್ಟರು ಒಂದೇ ಎಕರೆಯಲ್ಲಿ ಅದಕ್ಕಿಂತ ಹೆಚ್ಚನ್ನು ಹೊಗೆಯಾಗಿ ಕಳೆಯಬಲ್ಲುದು. ಮೇಲಾಗಿ ಎಕರೆಯ ಲೆಕ್ಕದ ಈ ಹಣವು ಮಿತವಾಗಿ ಸುಟ್ಟವನಿಗೂ ಪೋಲು ಮಾಡಿದವನಿಗೂ ಒಂದೇ ಸಮನೆ ಸಲ್ಲುವಂಥದಾಗಿತ್ತು. ಹಣದೊಡನೆ ಅಳತೆಯನ್ನೂ ಕೊಟ್ಟಿದ್ದರೆ ಆ ಹಣಕ್ಕೆ ಇಮ್ಮಡಿ ಬೆಲೆ ಬರುತ್ತಿತ್ತು.

ಅಳತೆಯನ್ನು ಕಾನೂನಿನ ಮೂಲಕ ಪಡೆದ ರೈತರು ಲೋಕದಲ್ಲಿ ಇದ್ದಾರೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ವಿಲ್ಮಟ್ ಕ್ರೋಜಿಯರ್ ಎಂಬ ಕೃಷಿಕನು, ಪ್ರಸಿದ್ಧ ಮೋಟಾರು ತಯಾರಕನ ಹೆಸರನ್ನು ಹೊತ್ತಿದ್ದರೂ ಆ ತಯಾರಕನಿಗೆ ಏನೂ ಸಂಬಂಧವಿಲ್ಲದ ಟ್ರ್ಯಾಕ್ಟರೊಂದನ್ನು ಕೊಂಡು, ಹೇಳಿದ ಬಲವನ್ನು ಅದರಿಂದ ಪಡೆಯಲಾಗದೆ ಬೇಸತ್ತನು. ತರುವಾಯ ಆತನು ಶಾಸನಸಭೆಯ ಸದಸ್ಯನಾಗಿದ್ದಾಗ, ತಟಸ್ಥ ಪರೀಕ್ಷೆಯಾಗದ ಟ್ರ್ಯಾಕ್ಟರನ್ನು ಆ ರಾಜ್ಯದಲ್ಲಿ ಮಾರಕೂಡದೆಂಬ ಕಾನೂನು 1919ರಲ್ಲಿ ಬಂದಿತು. ಮರುವರ್ಷವೇ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗಳು ಪ್ರಾರಂಭವಾದವು. ನಮ್ಮ ದೇಶದಲ್ಲಿಯೂ ಮಧ್ಯಪ್ರದೇಶದ ಬುಧನಿಯಲ್ಲಿ 1955ರಲ್ಲಿ ಆರಂಭವಾದ ಸಂಸ್ಥೆಯು ಇಂದು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ, ಪಿಟಿಓ ಬಲ ಎಷ್ಟು, ಅದಕ್ಕೆ ತಗಲುವ ಇಂಧನ ಎಷ್ಟು ಎಂಬ ವಿವರವುಳ್ಳ ವರದಿಗಳನ್ನು ಸಿದ್ಧಪಡಿಸುತ್ತದೆ. ನಮಗೆ ಹತ್ತಿರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೂ ಕೃಷಿ ಯಂತ್ರಗಳನ್ನು ಪರೀಕ್ಷಿಸುವ ಕೇಂದ್ರೀಯ ಸಂಸ್ಥೆಯಿದೆ. ವರದಿಗಳು ಇವೆ, ಕನ್ನಡದಲ್ಲಿ ಇಲ್ಲ, ಹೋಬಳಿಯಲ್ಲಿ ಇಲ್ಲ, ಟ್ರ್ಯಾಕ್ಟರ್ ಮಾರುವ ಅಂಗಡಿಯ ಮೇಜಿನ ಮೇಲಂತೂ ಇಲ್ಲ.

ಹೊಸ ಟ್ರ್ಯಾಕ್ಟರಿನ ವರದಿ ಹಳೆಯ ಟ್ರ್ಯಾಕ್ಟರಿಗೆ ಸಲ್ಲುವುದಿಲ್ಲವೆಂಬ ಆಕ್ಷೇಪವು ನ್ಯಾಯವಾದದ್ದೇ. ಅದಕ್ಕಾಗಿಯೇ ಪಿಟಿಓಗೆ ಜೋಡಿಸಿ ಇಂಜಿನ್ನಿನ ಬಲವನ್ನು ಅಳೆಯುವ ಡೈನಮೋಮೀಟರ್ ಎಂಬ ಸಾಧನವುಂಟು. ಅದನ್ನು ಟ್ರಾಲಿಯ ಮೇಲಿಟ್ಟು ಊರಿಂದೂರಿಗೆ ಒಯ್ಯಬಹುದು. ಒಂದು ಟ್ರ್ಯಾಕ್ಟರಿನ ಪರೀಕ್ಷೆಗೆ ಅರ್ಧ ಮುಕ್ಕಾಲು ತಾಸಿಗಿಂತ ಹೆಚ್ಚು ಹಿಡಿಯದು. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. 2014-15ರಿಂದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳೂ ಹೋಬಳಿಯ ಮಟ್ಟದಲ್ಲಿ ಸ್ಥಾಪನೆಯಾಗುತ್ತ ಬಂದಿವೆ. 2008ರಲ್ಲಿ ಪ್ರತ್ಯೇಕವಾದ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. ಬೀದರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇಷ್ಟು ಅಂಗಗಳಿರುವಾಗ, ಮೇ ತಿಂಗಳಿನಲ್ಲಿ, ಮಳೆಗೆ ಮುನ್ನ, ಒಂದೊಂದು ಹೋಬಳಿಯಲ್ಲಿ ಒಂದೊಂದು ವಾರ ಈ ಸಾಧನವನ್ನು ನಿಲ್ಲಿಸಿ, ಬಂದ ಪ್ರತಿ ಟ್ರ್ಯಾಕ್ಟರಿಗೂ ಪೂರ್ಣ ಹೊರೆಯಲ್ಲಿ ಬಲ ಎಷ್ಟು, ಅರ್ಧ ಹೊರೆಯಲ್ಲಿ ತಾಸಿಗೆ ಎಣ್ಣೆ ಎಷ್ಟು ಎಂಬ ಎರಡು ಮೂರು ಅಂಕೆಗಳ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಡುವುದಕ್ಕೆ ಇರುವ ಅಡ್ಡಿ ಯಾವುದು? ಚೀಟಿಯುಳ್ಳ ಟ್ರ್ಯಾಕ್ಟರಿನ ಒಡೆಯನು ಬಾಡಿಗೆಯಲ್ಲಿ ಎರಡು ರೂಪಾಯಿ ಹೆಚ್ಚು ಕೇಳಿದರೂ ನ್ಯಾಯವೇ. ಆಳವಾಗಿ ಉತ್ತವನು ಸುಟ್ಟ ಎಣ್ಣೆಗೆ ಆಧಾರ ಅವನ ಕೈಯಲ್ಲಿಯೇ ಇರುತ್ತದೆ.

ರೈತನ ಪಾಲಿನ ಕೆಲಸವೂ ಇದೆ, ಅದು ಕಷ್ಟದ್ದಲ್ಲ. ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಅಳೆದ ಹೊಲವೊಂದನ್ನು ಉತ್ತು ಮುಗಿಸಿ, ಅದೇ ಜಾಗದಲ್ಲಿ ನಿಲ್ಲಿಸಿ ಅಳತೆಯ ಕ್ಯಾನಿನಿಂದ ಮತ್ತೆ ಕಂಠಮಟ್ಟ ತುಂಬಿಸಿದರೆ, ಹಾಕಿದ್ದೇ ಖರ್ಚಾದದ್ದು. ಹೊತ್ತನ್ನು ಕೈಗಡಿಯಾರದಿಂದಲೇ ಹಿಡಿಯಬೇಕು. ಹಳೆಯ ಟ್ರ್ಯಾಕ್ಟರಿನ ಗಂಟೆ ಮೀಟರು ಇಂಜಿನ್ನಿನ ಸುತ್ತನ್ನು ಅವಲಂಬಿಸಿ ಓಡುವುದರಿಂದ, ರೇಸು ಕಡಿಮೆಯಾದಾಗ ಅದರ ತಾಸು ನಿಜವಾದ ತಾಸಿಗಿಂತ ದೀರ್ಘವಾಗುತ್ತದೆ. ಎಕರೆ, ಆಳ, ತಾಸು, ಲೀಟರು ಈ ನಾಲ್ಕನ್ನು ಬರೆದಿಟ್ಟರೆ ಸಾಕು.

ಈ ಪ್ರಯೋಗಕ್ಕೆ ಬೀದರ್ ಜಿಲ್ಲೆಯಲ್ಲಿ ಒಂದು ಹೋಬಳಿಯನ್ನು ಆರಿಸುವುದಾದರೆ ಮುಡಬಿಯನ್ನು ಆರಿಸಲಿ. ಆಳವಾದ ಎರೆಯ ಹೊಲ, ಮಳೆಯನ್ನೇ ನಂಬಿದ ತೊಗರಿ, ಬಾವಿಯ ನೀರು, ಕಬ್ಬಿನ ದೂರದ ಸಾಗಾಟ, ಬಾಡಿಗೆ ಟ್ರ್ಯಾಕ್ಟರನ್ನು ಅವಲಂಬಿಸಿದ ಸಣ್ಣ ರೈತ, ಹೀಗೆ ಡೀಸೆಲ್ ಇಂಜಿನ್ನು ನಮ್ಮ ಬೇಸಾಯದಲ್ಲಿ ಹೊರುವ ಎಲ್ಲ ಬಗೆಯ ಹೊರೆಯೂ ಇಲ್ಲಿ ಒಂದೆಡೆ ದೊರೆಯುತ್ತದೆ. ಮೊದಲ ವರ್ಷ ಚೀಟಿ ಪಡೆದ ಟ್ರ್ಯಾಕ್ಟರುಗಳ ಅಂಕೆಗಳನ್ನು ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ, ಬಾಡಿಗೆ ದರದ ಪಟ್ಟಿಯ ಪಕ್ಕದಲ್ಲಿಯೇ, ಎಲ್ಲರೂ ಓದುವಂತೆ ಹಚ್ಚಲಿ. ಇನ್ನು ಮುಂದೆ ಡೀಸೆಲ್ ಸಹಾಯಧನವನ್ನು ನಿರ್ಧರಿಸುವ ಅಧಿಕಾರಿಗಳು ಆ ಗೋಡೆಯನ್ನು ಓದಿದ ಮೇಲೆ ಎಕರೆಗೆ ಎಷ್ಟು ರೂಪಾಯಿಯೆಂಬುದನ್ನು ಬರೆಯಲಿ.